ಹದಿನೆಂಟು ಲಕ್ಷದಲ್ಲಿ ಲೆನ್ಸ್ ಲ್ಯಾಬ್: ಮೊದಲು ಏನು ಕೊಳ್ಳಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ತಂದೆಯವರ ಕಾಲದಿಂದ ಕನ್ನಡಕದ ಅಂಗಡಿ ಇದೆ. ಫಿಟ್ಟಿಂಗ್ ಕೆಲಸವನ್ನು ಹಳೆಯ ಕೈಯಂತ್ರದಲ್ಲಿ ಮಾಡುತ್ತೇವೆ. ನಂಬರು ಹೆಚ್ಚಿದ್ದರೆ, ದೂರಕ್ಕೂ ಓದಲೂ ಎರಡು ನಂಬರಿರುವ ಬೈಫೋಕಲ್ ಅಥವಾ ಗೆರೆಯಿಲ್ಲದೆ ನಂಬರು ಬದಲಾಗುತ್ತಾ ಹೋಗುವ ಪ್ರೋಗ್ರೆಸಿವ್ ಆಗಿದ್ದರೆ ಬೆಂಗಳೂರಿಗೆ ಕಳುಹಿಸುತ್ತೇವೆ. ಲೆನ್ಸ್ ಬರಲು ನಾಲ್ಕು ದಿನ, ಕೆಲವೊಮ್ಮೆ ಒಂದು ವಾರ. ಹರಿಹರ, ರಾಣೆಬೆನ್ನೂರು, ಚನ್ನಗಿರಿ ಕಡೆಯ ಹತ್ತು ಅಂಗಡಿಯವರು ನೀವೇ ಲ್ಯಾಬ್ ಹಾಕಿ, ಕೆಲಸ ನಾವು ಕೊಡುತ್ತೇವೆ ಎನ್ನುತ್ತಿದ್ದಾರೆ. ಎಲ್ಲ ಸೇರಿ ತಿಂಗಳಿಗೆ ಸುಮಾರು 600 ಜೊತೆ ಆಗಬಹುದು. 18 ಲಕ್ಷ ರೂಪಾಯಿ ಹೊಂದಿಸಿದ್ದೇವೆ. ಒಬ್ಬ ವ್ಯಾಪಾರಿ ಲೆನ್ಸ್ ಕಡೆಯುವ ಹಳೆಯ ಜನರೇಟರ್, ಅದನ್ನು ನುಣುಪು ಮಾಡುವ ಎರಡು ಸಿಲಿಂಡರ್ ಯಂತ್ರ ಮತ್ತು ಉಜ್ಜಲು ಬೇಕಾದ 300 ಟೂಲ್‌ಗಳನ್ನು ಒಟ್ಟಿಗೆ 7 ಲಕ್ಷಕ್ಕೆ ಕೊಡುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ಸಾಲ ಮಾಡಿಯಾದರೂ ಕಂಪ್ಯೂಟರ್ ನಡೆಸುವ ಫ್ರೀಫಾರ್ಮ್‌ಗೆ ಹೋಗಿ ಎನ್ನುತ್ತಾರೆ. ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇದೆ. ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ. ಯಾವ ಯಂತ್ರ ಕೊಳ್ಳಬೇಕು?

ಉತ್ತರ: ಇಬ್ಬರು ಹೇಳಿದ್ದನ್ನೂ ಈಗ ಕೊಳ್ಳಬೇಡಿ. ನಿಮ್ಮ ಮೊದಲ ಹಣ ಲೆನ್ಸನ್ನು ಫ್ರೇಮಿನ ಆಕಾರಕ್ಕೆ ಕತ್ತರಿಸುವ ಒಂದು ಒಳ್ಳೆಯ ಆಟೋ ಎಡ್ಜರ್‌ಗೆ, ಅಳೆಯುವ ಉಪಕರಣಗಳಿಗೆ ಮತ್ತು ರೆಡಿ ಲೆನ್ಸ್‌ಗಳ ದಾಸ್ತಾನಿಗೆ ಹೋಗಲಿ. ಅರ್ಧ ತಯಾರಾದ ದಪ್ಪ ಲೆನ್ಸನ್ನು, ಎಂದರೆ ಬ್ಲಾಂಕನ್ನು ಕಡೆದು ಅದಕ್ಕೆ ನಂಬರು ಕೊಡುವ ಸರ್ಫೇಸಿಂಗ್ ಕೆಲಸ ಆರೆಂಟು ತಿಂಗಳು ಕಾಯಲಿ. ಮೂವತ್ತು ವರ್ಷ ಲ್ಯಾಬ್‌ಗಳಲ್ಲೇ ಕಳೆದ ನನಗೆ ಈ ವೃತ್ತಿಯಲ್ಲಿ ಅತ್ಯಂತ ಪ್ರಿಯವಾದ ಕೆಲಸ ಸರ್ಫೇಸಿಂಗ್. ಹಾಗಿದ್ದೂ ಅದನ್ನು ಮುಂದೂಡಿ ಎನ್ನುತ್ತಿದ್ದೇನೆ. ಅದಕ್ಕೆ ಕಾರಣ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಲೆಕ್ಕ.

ನೀವು 600 ಜೊತೆ ಎಂದಿದ್ದೀರಿ. ಆ 600ರೊಳಗೆ ಏನೇನಿದೆ ಎಂಬುದು ಗೊತ್ತಾಗದೆ ಯಾವ ಯಂತ್ರದ ಮಾತನ್ನೂ ಆಡಲು ಬರುವುದಿಲ್ಲ. ಕಳೆದ ಆರು ತಿಂಗಳ ಆರ್ಡರ್ ಪುಸ್ತಕ ತೆಗೆದು ಕುಳಿತುಕೊಳ್ಳಿ. ಹತ್ತು ಅಂಗಡಿಯವರಿಂದಲೂ ಅವರವರ ಪುಸ್ತಕ ಕೇಳಿ. ಕೊಡಲು ಹಿಂಜರಿಯುವವರು ನಾಳೆ ಕೆಲಸ ಕೊಡುವುದೂ ಅನುಮಾನ, ಅದೂ ಈಗಲೇ ತಿಳಿದುಬಿಡುತ್ತದೆ. ಪ್ರತಿ ಆರ್ಡರನ್ನೂ ಮೂರು ಗುಂಪಿನಲ್ಲಿ ಒಂದಕ್ಕೆ ಹಾಕಿ. ಒಂದೇ ನಂಬರಿನ ಸಿಂಗಲ್ ವಿಷನ್ ಆಗಿದ್ದು, ಸ್ಫಿಯರ್ (ಮೂಲ ನಂಬರು) ಪ್ಲಸ್ ಅಥವಾ ಮೈನಸ್ 6.00ರೊಳಗೆ, ಸಿಲಿಂಡರ್ (ಒಂದು ದಿಕ್ಕಿನಲ್ಲಿ ಮಾತ್ರ ಸೇರುವ ನಂಬರು) 2.00ರೊಳಗೆ ಇರುವವು ಒಂದು ಗುಂಪು. ಇವು ಎರಡೂ ಬದಿ ತಯಾರಾಗಿ, ಕೋಟಿಂಗ್ ಸಮೇತ ಪೊಟ್ಟಣದಲ್ಲಿ ಬರುವ ರೆಡಿ ಲೆನ್ಸ್‌ಗಳು. ಆ ಮಿತಿ ದಾಟಿದವು, ಬೈಫೋಕಲ್‌ಗಳು, ಪ್ರೋಗ್ರೆಸಿವ್‌ಗಳು ಕಡೆಯಲೇಬೇಕಾದವು. ಇವನ್ನು ಮತ್ತೆ ಎರಡಾಗಿ ಒಡೆಯಿರಿ: ಗಿರಾಕಿ ಬೆಳಕಿನ ಪ್ರತಿಫಲನ ತಡೆಯುವ ಪದರ, ಎಂದರೆ ಎಆರ್‌ಸಿ ಕೇಳಿದ್ದು ಒಂದು, ಕೇಳದೇ ಇದ್ದದ್ದು ಇನ್ನೊಂದು.

ಈ ಕೊನೆಯ ವಿಭಾಗವನ್ನು ಲೆಕ್ಕ ಹಾಕದೆ ಸರ್ಫೇಸಿಂಗ್ ಯಂತ್ರ ತಂದ ಲ್ಯಾಬ್‌ಗಳನ್ನು ನಾನು ಬಹಳ ಕಂಡಿದ್ದೇನೆ. ಬೆಳಕಿನ ಪ್ರತಿಫಲನ ತಡೆಯುವ ಎಆರ್‌ಸಿ ಪದರವನ್ನು ನಿರ್ವಾತ ಕೊಠಡಿಯ ಯಂತ್ರದಲ್ಲಿ ಕೂರಿಸಬೇಕು. ಅದಕ್ಕೆ ದೂಳಿಲ್ಲದ ಕೋಣೆ ಬೇಕು, ಅಲ್ಟ್ರಾಸಾನಿಕ್ ತೊಳೆಯುವ ತೊಟ್ಟಿಗಳ ಸಾಲು ಬೇಕು. ಸಣ್ಣ ಲ್ಯಾಬಿಗೆ ಅದು ಆಗದ ಮಾತು. ಹಾಗಾಗಿ ನೀವು ದಾವಣಗೆರೆಯಲ್ಲಿ ಎಷ್ಟೇ ಬೇಗ ಲೆನ್ಸ್ ಕಡೆದರೂ ಎಆರ್‌ಸಿ ಬೇಕೆಂದರೆ ಅದು ಮತ್ತೆ ಬೆಂಗಳೂರಿನ ಬಸ್ಸು ಹತ್ತಲೇಬೇಕು. ಯಾವ ನಾಲ್ಕು ದಿನವನ್ನು ಉಳಿಸಲು ಯಂತ್ರ ತಂದಿರೋ ಆ ನಾಲ್ಕು ದಿನ ಹಾಗೆಯೇ ಉಳಿಯುತ್ತದೆ. ಲೆನ್ಸ್ ಕೆಟ್ಟರೆ ಹೊಣೆ ಮಾತ್ರ ನಿಮ್ಮ ಮೇಲೆ ಬರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 600 ಜೊತೆಯಲ್ಲಿ 430 ರೆಡಿ ಲೆನ್ಸ್‌ಗೆ ಹೋಯಿತು, 170 ಉಳಿಯಿತು ಎನ್ನಿ. ಅದರಲ್ಲಿ 90 ಎಆರ್‌ಸಿ. ಉಳಿದದ್ದು 80. ತಿಂಗಳಿಗೆ 26 ಕೆಲಸದ ದಿನ ಹಿಡಿದರೆ ದಿನಕ್ಕೆ ಮೂರು ಜೊತೆ. ಮೂರು ಜೊತೆಗಾಗಿ ಜನರೇಟರ್ ಓಡಿಸಿ, ಪಾಲಿಶ್ ದ್ರವ ತಣ್ಣಗಿರಿಸಿ, ಒಬ್ಬ ನುರಿತ ಕೆಲಸಗಾರನಿಗೆ ಸಂಬಳ ಕೊಡಲು ಸಾಧ್ಯವಿಲ್ಲ. ಅದೇ ಲೆಕ್ಕ ದಿನಕ್ಕೆ ಹನ್ನೆರಡು, ಹದಿನೈದು ಜೊತೆ ಎಂದು ಬಂದರೆ ನನ್ನ ಸಲಹೆಯೇ ಬದಲಾಗುತ್ತದೆ. ಚಾಳೀಸು ಬಂದ ಹಿರಿಯರಿಗೆ ಓದುವ ಭಾಗ ದುಂಡಗಿರುವ ಕ್ರಿಪ್ಟಾಕ್ ಅಥವಾ ಡಿ ಆಕಾರದಲ್ಲಿರುವ ಡಿ ಬೈಫೋಕಲ್ ಹೆಚ್ಚಾಗಿ ಮಾರುವ, ನೇತ್ರ ಶಿಬಿರಗಳ ಕೆಲಸ ಹಿಡಿಯುವ ಅಂಗಡಿಗಳು ನಿಮ್ಮ ಹತ್ತರಲ್ಲಿ ಇದ್ದರೆ ಹಾಗೆ ಬರಲೂಬಹುದು. ಹಾಗಾಗಿ ಪುಸ್ತಕ ತೆಗೆದು ಎಣಿಸಿ.

ಈಗ ಎಡ್ಜರ್ ವಿಷಯ. ದುಂಡು ಲೆನ್ಸನ್ನು ಫ್ರೇಮಿನ ಆಕಾರಕ್ಕೆ ತರುವ ಯಂತ್ರ ಅದು, ನಿಮ್ಮ 600 ಜೊತೆಯಲ್ಲಿ ಪ್ರತಿಯೊಂದೂ ಅದರ ಮೂಲಕವೇ ಹೊರಬರಬೇಕು. ಪ್ಲಾಸ್ಟಿಕ್ ಪ್ಯಾಟರ್ನ್ ಇಟ್ಟು ಕತ್ತರಿಸುವ ಹಳೆಯ ಬಗೆ ಅಗ್ಗಕ್ಕೆ ಸಿಗುತ್ತದೆ, ಕೊಳ್ಳಬೇಡಿ. ಫ್ರೇಮಿನ ಒಳಗಿನ ತೋಡಿನಲ್ಲಿ ಸೂಜಿ ಓಡಿಸಿ ಆಕಾರ ಓದಿಕೊಳ್ಳುವ ಟ್ರೇಸರ್ ಇರುವ ಯಂತ್ರವನ್ನೇ ತನ್ನಿ. ಹೊರಗಿನ ಅಂಗಡಿಗಳ ಫ್ರೇಮ್ ಬಸ್ಸಿನಲ್ಲಿ ಬೆಳಿಗ್ಗೆ ಬಂದು ಸಂಜೆ ಹೊರಡಬೇಕಾದರೆ ಪ್ರತಿ ಫ್ರೇಮಿಗೂ ಅಚ್ಚು ಕತ್ತರಿಸಿಕೊಂಡು ಕೂರಲು ಆಗುವುದಿಲ್ಲ.

ಎಡ್ಜರ್ ತೋರಿಸಲು ಬಂದವರು ಪರದೆಯ ಬಣ್ಣ, ಮೆನುಗಳ ಸಂಖ್ಯೆ ತೋರಿಸುತ್ತಾರೆ. ನೀವು ಚಕ್ರಗಳನ್ನು ನೋಡಿ. ಸಾಮಾನ್ಯ ಪ್ಲಾಸ್ಟಿಕ್ಕಿನ ಸಿಆರ್ ಲೆನ್ಸಿಗೆ ಒರಟು ಚಕ್ರ, ಪಾಲಿಕಾರ್ಬೊನೇಟಿಗೆ ಹೊಂದುವ ಚಕ್ರ, ಅಂಚಿಗೆ ವಿ ಆಕಾರದ ಏಣು ಕೊಡುವ ಚಕ್ರ, ಹೊಳಪಿನ ಚಕ್ರ ಇವಿಷ್ಟು ಇರಬೇಕು. ಪಾಲಿಕಾರ್ಬೊನೇಟ್ ಸಿಆರ್‌ನಂತೆ ಪುಡಿಯಾಗಿ ಉದುರುವುದಿಲ್ಲ. ಬಿಸಿಯಾಗಿ ಎಳೆಎಳೆಯಾಗಿ ಏಳುತ್ತದೆ. ಒರಟು ಹಂತವನ್ನು ನೀರಿಲ್ಲದೆ ಕತ್ತರಿಸಿ ಆಮೇಲೆ ನೀರು ಬಿಡುವ ವ್ಯವಸ್ಥೆ ಇಲ್ಲದ ಯಂತ್ರದಲ್ಲಿ ಅದರ ಅಂಚು ಸುಟ್ಟಂತೆ ಕಾಣುತ್ತದೆ. ಗಾಜಿನ ಚಕ್ರಕ್ಕೆ ಹೆಚ್ಚು ಹಣ ಕೊಡುವ ಮೊದಲು ಆರು ತಿಂಗಳಲ್ಲಿ ಎಷ್ಟು ಗಾಜಿನ ಆರ್ಡರ್ ಬಂದಿತ್ತು ನೋಡಿ. ಬಹುಶಃ ಬೆರಳಲ್ಲಿ ಎಣಿಸುವಷ್ಟು. ಅವನ್ನು ನಿಮ್ಮ ಹಳೆಯ ಕೈಯಂತ್ರದಲ್ಲೇ ಮುಗಿಸಿ. ಪ್ಲಾಸ್ಟಿಕ್‌ಗೆ ಮೀಸಲಾದ ಚಕ್ರಕ್ಕೆ ಒಂದೇ ಒಂದು ಗಾಜಿನ ಲೆನ್ಸನ್ನೂ ಮುಟ್ಟಿಸಬೇಡಿ.

ಮಕ್ಕಳ ಫ್ರೇಮಿನಷ್ಟು, ಓದುವ ಕಿರಿದಾದ ಕನ್ನಡಕದಷ್ಟು ಸಣ್ಣ ಎತ್ತರಕ್ಕೆ ಯಂತ್ರ ಕತ್ತರಿಸಬಲ್ಲುದೇ ಎಂದು ಕೇಳಿ. ನೈಲಾನ್ ದಾರ ಕೂರುವ ಸೂಪ್ರಾ ಫ್ರೇಮಿಗೆ ಅಂಚಿನಲ್ಲಿ ತೋಡು ಕೊರೆಯುವ ಭಾಗ ಒಳಗೇ ಇದ್ದರೆ ಒಳ್ಳೆಯದು. ರಿಮ್‌ಲೆಸ್‌ಗೆ ರಂಧ್ರ ಕೊರೆಯುವ ಭಾಗ ಒಳಗೇ ಇರಬೇಕಾಗಿಲ್ಲ, ಬೇರೆ ಸಣ್ಣ ಡ್ರಿಲ್ ಸಾಕು. ದುರಸ್ತಿ ಮಾಡುವವರು ಹುಬ್ಬಳ್ಳಿಯಿಂದ ಬರುತ್ತಾರೋ ಬೆಂಗಳೂರಿನಿಂದಲೋ, ಇಲ್ಲಾ ಚೆನ್ನೈಯಿಂದಲೋ ಎಂಬುದು ಯಂತ್ರದ ಬೆಲೆಗಿಂತ ದೊಡ್ಡ ಪ್ರಶ್ನೆ. ನಿಮ್ಮಲ್ಲಿ ಇರುವುದು ಒಂದೇ ಎಡ್ಜರ್, ಅದು ನಿಂತ ದಿನ ಹನ್ನೊಂದು ಅಂಗಡಿಗಳ ಕೆಲಸ ನಿಲ್ಲುತ್ತದೆ.

ಒಂದು ವಿಷಯಕ್ಕೆ ನಾನು ಹಟ ಹಿಡಿಯುತ್ತೇನೆ: ಯಂತ್ರವನ್ನು ನಿಮ್ಮ ಲೆನ್ಸಿನಿಂದಲೇ ಪರೀಕ್ಷಿಸಿ. ವ್ಯಾಪಾರಿ ತಂದ ಮಾದರಿ ಲೆನ್ಸ್ ಯಾವತ್ತೂ ಚೆನ್ನಾಗಿಯೇ ಕತ್ತರಿಸುತ್ತದೆ. ಮೈನಸ್ 6.00, ಸಿಲಿಂಡರ್ 2.00 ಇರುವ, ನೀರು ನಿಲ್ಲದ ಜಾರುವ ಕೋಟಿಂಗಿನ ಐದು ಲೆನ್ಸ್‌ಗಳನ್ನು ನೀವೇ ತೆಗೆದುಕೊಂಡು ಹೋಗಿ. ಈ ಕೋಟಿಂಗಿನ ಮೇಲೆ, ಲೆನ್ಸನ್ನು ಹಿಡಿಕೆಗೆ ಅಂಟಿಸುವ ಪ್ಯಾಡ್ ಹಿಡಿತ ಕಳೆದುಕೊಂಡು, ಚಕ್ರದ ಒತ್ತಡಕ್ಕೆ ಲೆನ್ಸ್ ತುಸುವೇ ತಿರುಗಿಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಫ್ರೇಮಿಗೂ ಸರಿಯಾಗಿ ಕೂರುತ್ತದೆ, ಆದರೆ ಆಕ್ಸಿಸ್, ಎಂದರೆ ಸಿಲಿಂಡರ್ ನಿಲ್ಲಬೇಕಾದ ಕೋನ, ತಪ್ಪಿಹೋಗಿರುತ್ತದೆ. ಆಕ್ಸಿಸ್ ಐದು ಡಿಗ್ರಿ ತಪ್ಪಿದರೆ 2.00 ಸಿಲಿಂಡರಿನ ಲೆನ್ಸ್ ಸುಮಾರು 0.35 ಡಯಾಪ್ಟರ್‌ನಷ್ಟು ಹೊಸ ಸಿಲಿಂಡರ್ ದೋಷವನ್ನು ಕಣ್ಣಿಗೆ ಕಟ್ಟುತ್ತದೆ. 3.00 ಸಿಲಿಂಡರಿಗೆ ಅದು ಅರ್ಧ ಡಯಾಪ್ಟರ್ ದಾಟುತ್ತದೆ. ಗಿರಾಕಿ ಬಂದು ತಲೆ ಸುತ್ತುತ್ತದೆ ಎಂದಾಗ ನಾವು ‘ಹೊಸ ಕನ್ನಡಕ, ಎರಡು ದಿನ ಅಭ್ಯಾಸ ಮಾಡಿಕೊಳ್ಳಿ’ ಎಂದು ಹೇಳಿ ಕಳುಹಿಸುತ್ತೇವಲ್ಲ, ಅದರಲ್ಲಿ ಎಷ್ಟು ಕನ್ನಡಕಗಳು ನಿಜವಾಗಿ ಎಡ್ಜರ್ ಹಿಡಿತದಲ್ಲಿ ತಿರುಗಿದ ಲೆನ್ಸ್‌ಗಳೋ ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಆದ್ದರಿಂದ ಹಿಡಿತದ ಒತ್ತಡವನ್ನು ಲೆನ್ಸಿಗೆ ತಕ್ಕಂತೆ ಹೊಂದಿಸಲು ಬರಬೇಕು, ಜಾರುವ ಕೋಟಿಂಗಿಗೆಂದೇ ಬರುವ ತೆಳು ಹಾಳೆ ಅಂಟಿಸಿ ಕತ್ತರಿಸುವ ರೂಢಿ ಮೊದಲ ದಿನದಿಂದಲೇ ಇರಬೇಕು. ಐದೂ ಲೆನ್ಸ್ ಕತ್ತರಿಸಿದ ಮೇಲೆ, ನಂಬರು ಅಳೆಯುವ ಲೆನ್ಸೋಮೀಟರಿನಲ್ಲಿ ಆಕ್ಸಿಸ್ ಅಳೆಯಿರಿ. 1.50ಕ್ಕಿಂತ ಹೆಚ್ಚಿನ ಸಿಲಿಂಡರಿಗೆ ಬಿಗಿಯಾದ ಮಾನದಂಡಗಳು ಒಪ್ಪುವ ವ್ಯತ್ಯಾಸ ಎರಡೇ ಡಿಗ್ರಿ. ಐದರಲ್ಲಿ ಒಂದು ಅದನ್ನು ಮೀರಿದರೂ ಆ ಯಂತ್ರ ಬೇಡ.

ಎಡ್ಜರಿನ ಜೊತೆಗೆ ಬರುವ ಬ್ಲಾಕರನ್ನು ಜನ ಗಮನಿಸುವುದೇ ಇಲ್ಲ. ಲೆನ್ಸಿನ ಕೇಂದ್ರವನ್ನು ಗುರುತಿಸಿ ಹಿಡಿಕೆ ಅಂಟಿಸುವ ಸಣ್ಣ ಉಪಕರಣ ಅದು. ಅದರ ತೋಳಿನಲ್ಲಿ ಎರಡು ಮಿಲಿಮೀಟರ್ ಅಲುಗಾಟ ಇದ್ದರೆ ಮೈನಸ್ 6.00 ಲೆನ್ಸಿನಲ್ಲಿ ನೋಟವನ್ನು ಪಕ್ಕಕ್ಕೆ ಸರಿಸುವ 1.2 ಪ್ರಿಸಂ ತಾನಾಗಿ ಹುಟ್ಟುತ್ತದೆ, ಏಕೆಂದರೆ ಕೇಂದ್ರ ಎಷ್ಟು ಸೆಂಟಿಮೀಟರ್ ಸರಿಯಿತೋ ಅದನ್ನು ಪವರಿನಿಂದ ಗುಣಿಸಿದಷ್ಟು ಪ್ರಿಸಂ. ಎರಡು ಕಣ್ಣಿಗೂ ಬೇರೆ ಬೇರೆ ದಿಕ್ಕಿಗೆ ಸರಿದರೆ ಅದು ಕೂಡಿಕೊಳ್ಳುತ್ತದೆ. ತೋಳನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿ, ಸ್ವಲ್ಪವೂ ಆಡಬಾರದು.

ಅಳತೆಯ ಉಪಕರಣಗಳಿಗೆ ಹಣ ಕೊಡಲು ಬೇಸರಪಡಬೇಡಿ. ಎರಡು ಲೆನ್ಸೋಮೀಟರ್ ಬೇಕು: ಒಂದು ಡಿಜಿಟಲ್, ಒಂದು ಕಣ್ಣಿಟ್ಟು ನೋಡುವ ಹಳೆಯ ಬಗೆಯದು. ಡಿಜಿಟಲ್ ವೇಗದ್ದು, ಪ್ರೋಗ್ರೆಸಿವ್‌ಗೆ ಅನುಕೂಲ. ಆದರೆ ಪಾಲಿಶ್ ಸರಿಯಾಗದೆ ಮೈಯಲ್ಲಿ ಅಲೆಗಳಿರುವ ಲೆನ್ಸನ್ನು ಇಟ್ಟರೂ ಅದು ಒಂದು ಸಂಖ್ಯೆ ತೋರಿಸಿಬಿಡುತ್ತದೆ. ಹಳೆಯದರಲ್ಲಿ ಅಂಥ ಲೆನ್ಸಿಟ್ಟರೆ ಗೆರೆಗಳು ಮಸುಕಾಗುತ್ತವೆ, ಎಷ್ಟು ತಿರುಗಿಸಿದರೂ ಚೂಪಾಗುವುದಿಲ್ಲ. ಆ ಮಸುಕೇ ನಿಮಗೆ ಸುದ್ದಿ. ನಂಬರು ಖಚಿತವಾಗಿ ಗೊತ್ತಿರುವ ನಾಲ್ಕೈದು ಲೆನ್ಸ್‌ಗಳನ್ನು ಒಂದು ಡಬ್ಬಿಯಲ್ಲಿಟ್ಟು, ದಿನಾ ಬೆಳಿಗ್ಗೆ ಎರಡೂ ಯಂತ್ರಗಳನ್ನು ಅವುಗಳಿಂದ ಪರೀಕ್ಷಿಸಿಯೇ ಕೆಲಸ ಆರಂಭಿಸಿ. ದಪ್ಪ ಅಳೆಯಲು 0.1 ಮಿಲಿಮೀಟರ್ ತೋರಿಸುವ ಕ್ಯಾಲಿಪರ್, ಮೈಯ ಬಾಗು ಅಳೆಯಲು ಲೆನ್ಸ್ ಕ್ಲಾಕ್, ಫ್ರೇಮಿನಲ್ಲಿ ಬಿಗಿಯಾಗಿ ಕೂತು ಒತ್ತಡಕ್ಕೆ ಸಿಕ್ಕ ಲೆನ್ಸನ್ನು ತೋರಿಸುವ ಪೋಲರಿಸ್ಕೋಪ್ ಇರಲಿ. ಹಣವೇ ಬೇಡದ ಒಂದು ಪರೀಕ್ಷೆಯೂ ಇದೆ: ಕತ್ತಲ ಕೋಣೆಯಲ್ಲಿ ಒಂದು ಸಣ್ಣ ಪ್ರಖರ ಬಲ್ಬಿನ ಮುಂದೆ, ಎರಡು ಮೀಟರ್ ದೂರದಲ್ಲಿ ಲೆನ್ಸ್ ಹಿಡಿದು ಬಿಳಿಗೋಡೆಯ ಮೇಲೆ ಅದರ ನೆರಳು ನೋಡಿ. ಅಲೆ, ಗೀರು, ಉಬ್ಬು ಎಲ್ಲವೂ ಗೋಡೆಯ ಮೇಲೆ ದೊಡ್ಡದಾಗಿ ಮೂಡುತ್ತವೆ.

ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಕೆಲಸ ಆರಂಭಿಸಿದ ವೈನು ಬಪ್ಪು ದೂರದರ್ಶಕದ 2.3 ಮೀಟರ್ ಅಗಲದ ಕನ್ನಡಿಯನ್ನು ಅರೆದು ಪಾಲಿಶ್ ಮಾಡಿದ್ದು ನಮ್ಮ ಬೆಂಗಳೂರಿನಲ್ಲಿಯೇ, ಭಾರತೀಯ ಖಭೌತ ಸಂಸ್ಥೆಯಲ್ಲಿ. ಅದಕ್ಕೂ ನಿಮ್ಮ ಬೈಫೋಕಲಿಗೂ ಕ್ರಮ ಒಂದೇ: ಒರಟು ಪುಡಿಯಿಂದ ನುಣುಪು ಪುಡಿಗೆ ಇಳಿಯುತ್ತಾ, ಪ್ರತಿ ಹಂತದಲ್ಲೂ ನಿಲ್ಲಿಸಿ ಅಳೆಯುವುದು. ಕೈ ಎಷ್ಟೇ ನುರಿತದ್ದಾದರೂ ಮುಂದೆ ಹೋಗಬಹುದೇ ಎಂದು ಹೇಳುವುದು ಅಳತೆ ಮಾತ್ರ.

ರೆಡಿ ಲೆನ್ಸ್‌ಗಳ ದಾಸ್ತಾನು ಮಾಡುವಾಗ ಇಡೀ ಪಟ್ಟಿ ತುಂಬಿಸಲು ಹೋಗಬೇಡಿ. ಮೈನಸ್ ಬದಿಯಲ್ಲಿ 0ಯಿಂದ 6.00ರವರೆಗೆ ಕಾಲು ಡಯಾಪ್ಟರ್ ಹೆಜ್ಜೆಯಲ್ಲಿ 25 ಸ್ಫಿಯರ್, ಪ್ರತಿಯೊಂದಕ್ಕೂ 2.00ರವರೆಗೆ 9 ಸಿಲಿಂಡರ್ ಎಂದರೆ 225 ಬಗೆ. ಜೊತೆಗೆ ಎರಡರಂತೆ 450 ಲೆನ್ಸ್, ಅದೂ ಒಂದೇ ಗುಣಮಟ್ಟದ, ಒಂದೇ ಕೋಟಿಂಗಿನದು. ಅದರಲ್ಲಿ ಅರ್ಧ ಎರಡು ವರ್ಷ ಕಪಾಟಿನಲ್ಲೇ ಕೂತಿರುತ್ತದೆ. ನಿಮ್ಮ ಆರ್ಡರ್ ಪುಸ್ತಕದಲ್ಲಿ ಹೆಚ್ಚು ಬಾರಿ ಬಂದ ನಂಬರುಗಳು ಮಾತ್ರ ಆಳವಾಗಿ ಇರಲಿ, ಉಳಿದವು ಸಗಟು ವ್ಯಾಪಾರಿಯಿಂದ ಮರುದಿನ ಬರಲಿ.

ಇನ್ನು ನಿಮ್ಮ 7 ಲಕ್ಷದ ಹಳೆಯ ಸೆಟ್. ಅದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹಳೆಯ ಕಬ್ಬಿಣದ ಯಂತ್ರಗಳು ಚೆನ್ನಾಗಿ ನೋಡಿಕೊಂಡರೆ ದಶಕಗಳ ಕಾಲ ಬಾಳುತ್ತವೆ, ನಾನು ಕೆಲಸ ಕಲಿತದ್ದೂ ಅಂಥವುಗಳ ಮೇಲೆಯೇ. ಜನರೇಟರ್ ಬ್ಲಾಂಕಿನ ಹಿಂಬದಿಯನ್ನು ಬೇಕಾದ ಬಾಗಿಗೆ ಕಡೆಯುತ್ತದೆ, ಸಿಲಿಂಡರ್ ಯಂತ್ರ ಅದನ್ನು ಟೂಲಿನ ಮೇಲೆ ಉಜ್ಜಿ ನುಣುಪು ಮಾಡುತ್ತದೆ. ಲೆನ್ಸಿನ ಅಂತಿಮ ಬಾಗು ಬರುವುದು ಟೂಲಿನಿಂದ. ಆದ್ದರಿಂದ ಅಲ್ಲಿ ನಿಜವಾದ ಬೆಲೆ ಇರುವುದು ಆ 300 ಟೂಲ್‌ಗಳಿಗೆ, ಕೇಳಬೇಕಾದ ಪ್ರಶ್ನೆಯೂ ಅವುಗಳ ಬಗ್ಗೆಯೇ.

ಲೆಕ್ಕ ನೋಡಿ. ಲ್ಯಾಬ್ ಟೂಲ್‌ಗಳ ಮೇಲಿನ ಸಂಖ್ಯೆಯನ್ನು 1.530 ವಕ್ರೀಭವನ ಸೂಚ್ಯಂಕಕ್ಕೆ (ವಸ್ತು ಬೆಳಕನ್ನು ಬಾಗಿಸುವ ಅಳತೆ) ಲೆಕ್ಕ ಹಾಕಿ ಕೆತ್ತಿರುತ್ತಾರೆ. ನೀವು ಕಡೆಯುವ ಸಿಆರ್ ಲೆನ್ಸಿನ ಸೂಚ್ಯಂಕ 1.498. ದೂರಕ್ಕೆ ಮೈನಸ್ 2.00 ಇರುವ ಒಂದು ಡಿ ಬೈಫೋಕಲ್, ಮುಂಬದಿಯ ಬಾಗು, ಎಂದರೆ ಬೇಸ್, 4.00 ಎಂದುಕೊಳ್ಳಿ. ದಪ್ಪದ ಪರಿಣಾಮ ಬಿಟ್ಟರೆ ಹಿಂಬದಿಗೆ ಬೇಕಾದ ಟೂಲ್ 6.00 ಅಲ್ಲ, 6.13. ನಿಮ್ಮ ಸೆಟ್ಟಿನಲ್ಲಿ ಎಂಟನೇ ಒಂದು ಡಯಾಪ್ಟರ್ ಹೆಜ್ಜೆಯ ಟೂಲ್‌ಗಳಿದ್ದರೆ 6.12 ಸಿಗುತ್ತದೆ, ಕೆಲಸ ಸರಿಯಾಗುತ್ತದೆ. ಕಾಲು ಡಯಾಪ್ಟರ್ ಹೆಜ್ಜೆಯವು ಮಾತ್ರ ಇದ್ದರೆ 6.00 ಹಾಕಿದಾಗ ಲೆನ್ಸ್ ಮೈನಸ್ 1.88 ಬರುತ್ತದೆ, 6.25 ಹಾಕಿದಾಗ ಮೈನಸ್ 2.11. ಇಂಥ ನಂಬರಿಗೆ ಮಾನದಂಡ ಒಪ್ಪುವ ವ್ಯತ್ಯಾಸವೇ ಸುಮಾರು 0.12. ಅಂದರೆ ಕೆಲಸಗಾರ ಕೈ ಹಾಕುವ ಮೊದಲೇ ಇರುವ ಅವಕಾಶವನ್ನೆಲ್ಲ ಟೂಲ್ ತಿಂದುಹಾಕಿರುತ್ತದೆ.

ಬೇಸ್ 2.00ರಿಂದ 8.00ರವರೆಗೆ ಎಂಟನೇ ಒಂದರ ಹೆಜ್ಜೆಯಲ್ಲಿ 49 ಬಾಗು, ಪ್ರತಿಯೊಂದಕ್ಕೂ 2.00 ಸಿಲಿಂಡರಿನವರೆಗೆ ಅದೇ ಹೆಜ್ಜೆಯಲ್ಲಿ 17 ಟೂಲ್ ಎಂದರೆ 833. ಕಾಲು ಹೆಜ್ಜೆಯಲ್ಲಾದರೆ 25ಕ್ಕೆ 9, ಒಟ್ಟು 225. ವ್ಯಾಪಾರಿಯ 300 ಟೂಲ್ ಈ ಎರಡರಲ್ಲಿ ಯಾವುದಕ್ಕೆ ಹತ್ತಿರ ಎಂದು ನೀವೇ ಊಹಿಸಬಹುದು. ಜೊತೆಗೆ ಟೂಲ್‌ಗಳು ಸವೆಯುತ್ತವೆ. ಮೇಲೆ 6.12 ಎಂದು ಕೆತ್ತಿದ್ದರೂ ಅದು ಇಂದು 6.12 ಇದೆ ಎಂದು ನಂಬಬೇಡಿ, ಹಿತ್ತಾಳೆಯ ಗೇಜ್ ಇಟ್ಟು ಬೆಳಕಿಗೆ ಹಿಡಿದು ನೋಡಿ. ಸವೆದ ಟೂಲನ್ನು ಮತ್ತೆ ಕಡೆದು ಸರಿಪಡಿಸುವ ಯಂತ್ರ ಆ ಸೆಟ್ಟಿನಲ್ಲಿ ಇದೆಯೇ ಎಂದೂ ಕೇಳಿ.

ಜನರೇಟರನ್ನು ನೋಡಲು ಹೋಗುವಾಗಲೂ ನಿಮ್ಮ ಬ್ಲಾಂಕ್‌ಗಳನ್ನೇ ಒಯ್ಯಿರಿ. ಬರಿ ಸ್ಫಿಯರ್‌ನಲ್ಲಿ ಮೂರು ಕಡೆಸಿ, ಲೆನ್ಸ್ ಕ್ಲಾಕನ್ನು ನಡುವಿನಲ್ಲಿಟ್ಟು ಸುತ್ತ ತಿರುಗಿಸಿ. ಮುಳ್ಳು ಕದಲಬಾರದು. ನಡುವಿನಲ್ಲಿ ಸಣ್ಣ ಮೊನೆ ಉಳಿದಿದ್ದರೆ ಕತ್ತರಿಸುವ ಚಕ್ರ ಕೇಂದ್ರಕ್ಕೆ ಬರುತ್ತಿಲ್ಲ. ಅಂಚಿನ ದಪ್ಪವನ್ನು ನಾಲ್ಕು ದಿಕ್ಕಿನಲ್ಲಿ ಅಳೆದರೆ ಹಿಡಿತ ಓರೆಯಾಗಿದೆಯೇ ತಿಳಿಯುತ್ತದೆ. ಅದು ಓರೆಯಾಗಿದ್ದರೆ ಬೇಡದ ಪ್ರಿಸಂ ಪ್ರತಿ ಲೆನ್ಸಿಗೂ ಸೇರುತ್ತಾ ಹೋಗುತ್ತದೆ. ಒಮ್ಮೆ ನಾನು ಕೆಲಸಕ್ಕಿದ್ದ ಲ್ಯಾಬಿನಲ್ಲಿ ಹೀಗೆ ಕೊಂಡ ಒಂದು ಯಂತ್ರದ ಹಿಡಿತ ಕಣ್ಣಿಗೆ ಕಾಣದಷ್ಟು ವಾಲಿತ್ತು. ಎರಡು ತಿಂಗಳು ನಾವು ಲೆನ್ಸಿಗೆ ಹಿಡಿಕೆ ಕೂರಿಸುವ, ಎಂದರೆ ಬ್ಲಾಕ್ ಮಾಡುವ ಹುಡುಗನನ್ನು ಗದರುತ್ತಲೇ ಇದ್ದೆವು. ಕೊನೆಗೆ ಕೂದಲೆಳೆಯ ವ್ಯತ್ಯಾಸವನ್ನೂ ತೋರಿಸುವ ಡಯಲ್ ಗೇಜ್ ಇಟ್ಟಾಗ ತಪ್ಪು ಯಾರದೆಂದು ಗೊತ್ತಾಯಿತು. ಅವನ ಮುಖ ಇನ್ನೂ ನೆನಪಿದೆ.

ಸರ್ಫೇಸಿಂಗ್‌ನಲ್ಲಿ ಬ್ಲಾಂಕನ್ನು ಹಿಡಿಕೆಗೆ ಕೂರಿಸಲು ಕಡಿಮೆ ಬಿಸಿಗೆ ಕರಗುವ ಮಿಶ್ರಲೋಹ ಬಳಸುತ್ತಾರೆ. 47 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಲ್ಲಿ ಬಿಸ್ಮತ್, ತವರ, ಇಂಡಿಯಂ ಜೊತೆಗೆ ಸೀಸವೂ ಕ್ಯಾಡ್ಮಿಯಮ್ಮೂ ಇವೆ. 58 ಡಿಗ್ರಿಗೆ ಕರಗುವುದರಲ್ಲಿ ಕ್ಯಾಡ್ಮಿಯಂ ಇಲ್ಲ, ಸೀಸ ಇದೆ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಬೇಕು, ಏಕೆಂದರೆ ಆ ಮೇಜಿನ ಮೇಲೆಯೇ ಟಿಫಿನ್ ಡಬ್ಬಿ ತೆರೆಯುವ ಕೆಲಸಗಾರರನ್ನು ನಾನು ನೋಡಿದ್ದೇನೆ. ಊಟ, ಚಹಾ ಆ ಕೋಣೆಯ ಹೊರಗೆ. ಕೈ ಸೋಪಿನಲ್ಲಿ ತೊಳೆದ ಮೇಲೆಯೇ. ಲೋಹದ ಕಸ ಚರಂಡಿಗೆ ಹೋಗಬಾರದು, ಒಟ್ಟುಗೂಡಿಸಿ ಮರಳಿ ಕರಗಿಸುವವರಿಗೆ ಕೊಡಬೇಕು. ಬ್ಲಾಕ್ ಮಾಡಿದ ತಕ್ಷಣ ಕಡೆಯಲು ಹೋಗಬೇಡಿ. ಲೋಹ, ಲೆನ್ಸ್ ಎರಡೂ ಪೂರ್ತಿ ಆರದಿದ್ದರೆ ಹಿಡಿಕೆ ಬಿಚ್ಚಿದ ಮೇಲೆ ನಂಬರು ಜಾರಿರುತ್ತದೆ.

ಪಾಲಿಶ್ ದ್ರವ ಇನ್ನೊಂದು ಗುಟ್ಟಿನ ಜಾಗ. ಪ್ಲಾಸ್ಟಿಕ್ ಲೆನ್ಸಿಗೆ ಅಲ್ಯೂಮಿನಿಯಂ ಆಕ್ಸೈಡ್, ಗಾಜಿಗೆ ಸೀರಿಯಂ ಆಕ್ಸೈಡ್. ಪ್ಲಾಸ್ಟಿಕ್‌ಗೆ ಬಳಸುವ ದ್ರವ ತಣ್ಣಗೆ, ಹದಿನೈದು ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ನಿಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಚಿಲ್ಲರ್ ಇಲ್ಲದೆ ಅದು ಸಾಧ್ಯವಿಲ್ಲ. ಬಿಸಿಯಾದ ದ್ರವದಲ್ಲಿ ಲೆನ್ಸಿನ ಮೈ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಹಳೆಯ ಸೆಟ್ ಮಾರುವವರು ಚಿಲ್ಲರ್ ವಿಷಯ ಎತ್ತುವುದೇ ಇಲ್ಲ.

ಫ್ರೀಫಾರ್ಮ್ ಬಗ್ಗೆ ಎರಡು ಮಾತು ಸಾಕು. ತಂತ್ರಜ್ಞಾನವಾಗಿ ಅದು ನಿಜಕ್ಕೂ ಅದ್ಭುತ: ಟೂಲ್‌ಗಳ ಕಪಾಟೇ ಬೇಡ, ಕಂಪ್ಯೂಟರ್ ಕೊಟ್ಟ ಮೈಯನ್ನು ಬಿಂದು ಬಿಂದುವಾಗಿ ಕಡೆದು ಮೃದುವಾದ ಪ್ಯಾಡಿನಿಂದ ಹೊಳಪು ಕೊಡುತ್ತದೆ, ಪ್ರೋಗ್ರೆಸಿವ್ ವಿನ್ಯಾಸವನ್ನು ಹಿಂಬದಿಯಲ್ಲೇ ಕಡೆಯಬಹುದು. ಆದರೆ ಆ ವಿನ್ಯಾಸ ನಿಮ್ಮದಲ್ಲ. ವಿನ್ಯಾಸದ ಒಡೆಯರಿಗೆ ಸಾಮಾನ್ಯವಾಗಿ ಲೆನ್ಸಿಗಿಷ್ಟು ಎಂದು ಕೊಡುತ್ತಾ ಹೋಗಬೇಕು. ಜನರೇಟರ್, ಪಾಲಿಶರ್, ಲೇಸರ್ ಗುರುತು ಹಾಕುವ ಯಂತ್ರ, ತಂತ್ರಾಂಶ ಎಲ್ಲ ಸೇರಿದ ಹೊಸ ಸಾಲಿಗೆ ನಿಮ್ಮ 18 ಲಕ್ಷ ಸಾಲುವುದಿಲ್ಲ. ಹೀಗೆ ಮಾಡಿದ ಲೆನ್ಸ್ ಕೊಳ್ಳುವವರು ಬಹುತೇಕ ಎಆರ್‌ಸಿಯನ್ನೂ ಕೇಳುತ್ತಾರೆ, ಅಲ್ಲಿಗೆ ಮತ್ತೆ ಬೆಂಗಳೂರಿನ ಬಸ್ಸು. ಸಾಲ ಮಾಡಿ ಇದಕ್ಕೆ ಕೈ ಹಾಕಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಮಹಡಿಯ ಕೋಣೆಯಲ್ಲಿ ಎಡ್ಜಿಂಗ್ ಮಾಡಬಹುದು. ಮುಂದೆ ಸರ್ಫೇಸಿಂಗ್ ಬಂದರೆ ನೆಲಮಹಡಿಯೇ ಬೇಕು: ಯಂತ್ರಗಳ ತೂಕ, ನಡುಕ, ನೀರು ಮೂರೂ ಕಾರಣ. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಅದನ್ನು ನೇರವಾಗಿ ಎಡ್ಜರಿಗೆ ಬಿಟ್ಟರೆ ಕೊಳವೆಗಳ ಬಾಯಿಯಲ್ಲಿ ಸುಣ್ಣ ಕಟ್ಟುತ್ತದೆ, ಒಣಗಿದ ಹನಿ ಲೆನ್ಸಿನ ಮೇಲೆ ಕಲೆಯಾಗಿ ಉಳಿಯುತ್ತದೆ. ಮೃದು ಮಾಡಿದ ನೀರನ್ನು ತೊಟ್ಟಿಯಲ್ಲಿಟ್ಟು ಸುತ್ತುಹಾಕಿಸಿ, ಲೆನ್ಸಿನ ಪುಡಿ ತಡೆಯಲು ಬಟ್ಟೆಚೀಲದ ಸೋಸುಗ ಹಾಕಿ, ದಿನಾ ಸಂಜೆ ಬದಲಿಸಿ. ಪುಡಿ ಕೊಳವೆಗೆ ಇಳಿದರೆ ಒಂದೇ ತಿಂಗಳಲ್ಲಿ ಚರಂಡಿ ಕಟ್ಟುತ್ತದೆ, ಕೆಳಗಿನ ಅಂಗಡಿ ನಿಮ್ಮದೇ ಎಂಬುದನ್ನು ಮರೆಯಬೇಡಿ. ವೋಲ್ಟೇಜ್ ಇಳಿದು ಏರುವ ಊರಿನಲ್ಲಿ ಎಡ್ಜರಿಗೆ ಸ್ಟೆಬಿಲೈಸರ್, ಯುಪಿಎಸ್ ಎರಡೂ ಇರಲಿ. ಕತ್ತರಿಸುವ ನಡುವೆ ಕರೆಂಟ್ ಹೋದ ಲೆನ್ಸನ್ನು ಸರಿಯಾದ ಕೇಂದ್ರಕ್ಕೆ ಮತ್ತೆ ತರುವುದು ಕಷ್ಟ. ಗಂಧಕ ಸೇರಿದ ಹೈ ಇಂಡೆಕ್ಸ್ ಲೆನ್ಸ್ ಕತ್ತರಿಸುವಾಗ ಕೆಟ್ಟ ವಾಸನೆ ಬರುತ್ತದೆ, ಆದ್ದರಿಂದ ಗಾಳಿ ಹೊರಗೆಳೆಯುವ ಫ್ಯಾನ್ ಕಿಟಕಿಗೆ ಹಾಕಿಸಿ.

ಹಣವನ್ನು ನಾನಾದರೆ ಹೀಗೆ ಹಂಚುತ್ತೇನೆ: ಟ್ರೇಸರ್, ಬ್ಲಾಕರ್ ಸೇರಿದ ಎಡ್ಜಿಂಗ್‌ಗೆ 8 ಲಕ್ಷ ಮೀರದಂತೆ, ರೆಡಿ ಲೆನ್ಸಿಗೆ 4 ಲಕ್ಷ, ಅಳತೆಗೆ ಒಂದೂವರೆ, ನೀರು, ವಿದ್ಯುತ್ತು, ಕೋಣೆಗೆ ಒಂದೂವರೆ. ಉಳಿದ 3 ಲಕ್ಷವನ್ನು ಮುಟ್ಟಬೇಡಿ. ಹತ್ತು ಅಂಗಡಿಯವರೂ ಸಾಲವಾಗಿಯೇ ಕೆಲಸ ಕೊಡುತ್ತಾರೆ. ಅವರ ಹಣ ಕೈಗೆ ಬರುವವರೆಗೆ ಸಂಬಳ, ಪ್ಯಾಡ್, ಚಕ್ರ, ಬಸ್ಸಿನ ಪಾರ್ಸೆಲ್ ಎಲ್ಲ ಈ ಹಣದಿಂದಲೇ ನಡೆಯಬೇಕು.

ಮಗನ ವಿಷಯ ನೀವು ಕೊನೆಯಲ್ಲಿ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಕೊಟ್ಟದ್ದು ಅದೇ. ಡಯಲ್ ಗೇಜ್ ಹಿಡಿಯಲು ಬರುವ ಹುಡುಗ ಈ ಕೆಲಸವನ್ನು ಬೇಗ ಕಲಿಯುತ್ತಾನೆ. ಯಂತ್ರ ಬರುವ ಮೊದಲೇ ಅವನನ್ನು ನಡೆಯುತ್ತಿರುವ ಒಂದು ಲ್ಯಾಬಿಗೆ ಮೂರು ತಿಂಗಳು ಕಳುಹಿಸಿ, ಸಂಬಳ ಕೇಳಬೇಡಿ. ಹಿಂದಿರುಗಿದ ಮೇಲೆ ಕೆಟ್ಟ ಲೆನ್ಸುಗಳನ್ನು ಎಸೆಯದೆ, ಮೇಲೆ ಕಾರಣ ಬರೆದು ಒಂದು ಡಬ್ಬಿಗೆ ಹಾಕುವ ಅಭ್ಯಾಸ ಮಾಡಿಸಿ: ಆಕ್ಸಿಸ್ ತಿರುಗಿದ್ದು, ಗಾತ್ರ ಚಿಕ್ಕದಾದದ್ದು, ಗೀರು ಬಿದ್ದದ್ದು, ಎಡ ಬಲ ಅದಲುಬದಲಾದದ್ದು. ತಿಂಗಳ ಕೊನೆಗೆ ಡಬ್ಬಿ ಸುರಿದು ಎಣಿಸಲಿ. ಎಡ್ಜಿಂಗ್‌ನ ಡಬ್ಬಿ ತಿಂಗಳು ತಿಂಗಳಿಗೆ ಹಗುರವಾಗುತ್ತಿದ್ದರೆ ಅವನ ಕೈಗೆ ಜನರೇಟರ್ ಕೊಡಬಹುದು.

ಅಷ್ಟರೊಳಗೆ 7 ಲಕ್ಷದ ವ್ಯಾಪಾರಿಯನ್ನು ಒಂದು ವಿಷಯ ಕೇಳಿಟ್ಟುಕೊಳ್ಳಿ: 300 ಟೂಲ್‌ಗಳ ಮೇಲೆ ಕೆತ್ತಿದ ಸಂಖ್ಯೆಗಳ ಪೂರ್ತಿ ಪಟ್ಟಿ, ಪ್ರತಿಯೊಂದೂ ಜೊತೆಯಾಗಿದೆಯೋ ಒಂಟಿಯೋ ಎಂಬ ವಿವರ. ಪಟ್ಟಿ ಸಿಕ್ಕರೆ ಅದನ್ನೂ ನಿಮ್ಮ ಆರು ತಿಂಗಳ ಎಣಿಕೆಯನ್ನೂ ನನಗೆ ಕಳುಹಿಸಿ. ಯಾವ ಟೂಲ್ ನಿಮ್ಮ ಊರಿನ ನಂಬರುಗಳಿಗೆ ಕೆಲಸಕ್ಕೆ ಬರುತ್ತದೆ, ಯಾವುದು ಬರಿ ಕಬ್ಬಿಣದ ತೂಕ ಎಂದು ಒಂದೊಂದಾಗಿ ಗುರುತು ಹಾಕಿ ಕೊಡುತ್ತೇನೆ.